ಅಡಕಲು ಕ್ಯಾನು: ಮನೆಯಲ್ಲಿ ಮೂರು ದಿನದ ಕುಡಿಯೋ ನೀರು ಮಡಗೋದು ಹೇಗೆ?

ಮುಂದೆ ಓದೋಕೆ ಮುಂಚೆ ಒಂದು ಲೆಕ್ಕ ಹಾಕಿ. ಈಗ, ಈ ಹೊತ್ತಲ್ಲಿ, ನಿಮ್ಮ ಮನೆಯಲ್ಲಿ ನೀರು ಎಷ್ಟಿದೆ? ತಾರಸಿ ಮೇಲೆ ಸಾವಿರ ಲೀಟರಿನ ಸಿಂಟೆಕ್ಸ್, ಬಚ್ಚಲಲ್ಲಿ ಹಂಡೆ, ಕೊಟ್ಟಿಗೆ ಪಕ್ಕ ದನಕ್ಕೆ ನೀಲಿ ಡ್ರಮ್ಮು, ಹಿತ್ತಲಲ್ಲಿ ತೊಟ್ಟಿ. ಎಲ್ಲ ಕೂಡಿದರೆ ಸಾವಿರದ ಇನ್ನೂರು, ಸಾವಿರದ ಮುನ್ನೂರು ಲೀಟರ್ ಆಗಬಹುದು. ಈಗ ಎರಡನೇ ಲೆಕ್ಕ. ಇಷ್ಟು ನೀರಲ್ಲಿ ಎರಡು ವರ್ಷದ ಮಗುವಿಗೆ ಹಾಗೇ ಲೋಟಕ್ಕೆ ಬಗ್ಗಿಸಿ ಕುಡಿಸಬಹುದಾದದ್ದು ಎಷ್ಟು?

ನಮ್ಮ ಅಗರದಲ್ಲಿ ಹತ್ತಾರು ಮನೆಯವರ ಹತ್ತಿರ ಈ ಪ್ರಶ್ನೆ ಕೇಳಿದ್ದೀನಿ. ಹೆಚ್ಚುಕಮ್ಮಿ ಎಲ್ಲರದ್ದೂ ಒಂದೇ ಉತ್ತರ: ಶುದ್ಧ ನೀರಿನ ಘಟಕದಿಂದ ತಂದ 20 ಲೀಟರಿನ ಒಂದು ಕ್ಯಾನು, ಅದೂ ಅರ್ಧ ಖಾಲಿ. ಐದು ಜನರ ಮನೆಗೆ ಅದು ಒಂದು ಹಗಲಿಗೂ ಸಾಲದು. ಅಡುಗೆಗೆ ಬಳಸಿದರೆ ಮಧ್ಯಾಹ್ನಕ್ಕೇ ಮುಗಿದುಹೋಗುತ್ತೆ.

ಭತ್ತದ ಗದ್ದೆ, ಕಬ್ಬು, ಬಾಳೆ, ತೆಂಗು ಇರೋ ಊರು ನಮ್ಮದು. ಪಕ್ಕದಲ್ಲೇ ಸುವರ್ಣಾವತಿ ಹೊಳೆ. ಇಂಥ ಕಡೆ ಕುಡಿಯೋ ನೀರು ಕೂಡಿಡಿ ಅಂದರೆ ಜನ ನಗುತ್ತಾರೆ. ನಮ್ಮ ಬೀದಿಯ ಅಜ್ಜಿಯೊಬ್ಬರು ನಾನು ಕ್ಯಾನು ಜೋಡಿಸೋದನ್ನ ನೋಡಿ, "ಏನ್ ಮೊಗಾ, ಹೊಳೆ ಪಕ್ಕ ಕುಂತ್ಕೊಂಡು ನೀರ ಬಚ್ಚಿಡ್ತಿದ್ದಿಯಲ್ಲಾ" ಅಂದರು. ಅವರು ಅಂದದ್ದರಲ್ಲಿ ತಪ್ಪೇನಿಲ್ಲ. ಅವರ ಕಾಲದಲ್ಲಿ ಬಾವಿ ಇತ್ತು, ಹಗ್ಗ ಇತ್ತು, ಕರೆಂಟಿನ ಹಂಗು ಇರಲಿಲ್ಲ. ಇವತ್ತು ಹಾಗಲ್ಲ. ಬೋರ್‌ವೆಲ್ ಮೋಟಾರು, ಊರಿನ ಟ್ಯಾಂಕು, ಪೈಪು, ಘಟಕದ ಮಿಷನ್ನು, ಇಷ್ಟರಲ್ಲಿ ಒಂದು ಕೈಕೊಟ್ಟರೂ ಲೋಟ ಖಾಲಿ. ಟಿ.ಸಿ. ಸುಟ್ಟರೆ ನಾಲ್ಕೂ ಒಟ್ಟಿಗೆ ನಿಲ್ಲುತ್ತವೆ.

ನಮ್ಮ ಕಡೆ ನೀರಿನ ಕಷ್ಟಕ್ಕೆ ಎರಡು ಮುಖ

ಒಂದು ಎಲ್ಲರಿಗೂ ಗೊತ್ತಿರೋದು, ಬರ. 2023ರಲ್ಲಿ ಮಳೆ ಕೈಕೊಟ್ಟು ರಾಜ್ಯದ ಬಹುಪಾಲು ತಾಲ್ಲೂಕುಗಳನ್ನ ಬರಪೀಡಿತ ಅಂತ ಸರ್ಕಾರ ಘೋಷಿಸಿತು. 2024ರ ಬೇಸಿಗೆ ಹೇಗಿತ್ತು ಅಂತ ಹನೂರು ಕಡೆಯ ಗೆಳೆಯರಿಗೆ ನಾನು ಹೇಳಬೇಕಿಲ್ಲ. ಆ ವರ್ಷ ಏಪ್ರಿಲ್ 26ರ ಲೋಕಸಭಾ ಚುನಾವಣೆ ದಿನ ಮಲೆ ಮಹದೇಶ್ವರ ಬೆಟ್ಟದ ಇಂಡಿಗನತ್ತದಲ್ಲಿ ಗಲಾಟೆಯಾಗಿ, ಮತಗಟ್ಟೆ ಒಡೆದು, 29ಕ್ಕೆ ಮರುಮತದಾನ ನಡೆದದ್ದು ಪೇಪರಿನಲ್ಲೆಲ್ಲ ಬಂತು. ಅದರ ಹಿಂದೆ ಇದ್ದದ್ದು ರಸ್ತೆ, ನೀರಿನಂಥ ಮೂಲಸೌಕರ್ಯದ ಸಿಟ್ಟು. ಬೆಟ್ಟದ ಮೇಲಿನ ಊರುಗಳಲ್ಲಿ ನೀರು ಹೊತ್ತು ತರೋದು ಇವತ್ತಿಗೂ ಹೆಂಗಸರ ತಲೆ ಮೇಲಿನ ಕೆಲಸ.

ಇನ್ನೊಂದು ಮುಖವನ್ನ ನಾವು ಅಷ್ಟಾಗಿ ಲೆಕ್ಕಕ್ಕೆ ತಗೊಳ್ಳಲ್ಲ. ಅದು ನೆರೆ. 2018, 2019ರ ಮಳೆಗಾಲದಲ್ಲಿ ಕೆಆರ್‌ಎಸ್, ಕಬಿನಿ ಎರಡೂ ತುಂಬಿ ನೀರು ಬಿಟ್ಟಾಗ ಕೊಳ್ಳೇಗಾಲ ತಾಲ್ಲೂಕಿನ ದಾಸನಪುರ, ಮುಳ್ಳೂರು, ಹರಳೆ, ಹಳೇ ಹಂಪಾಪುರದಂಥ ಕಾವೇರಿ ದಂಡೆಯ ಊರುಗಳಿಗೆ ನೀರು ನುಗ್ಗಿತು. ಜನ ಮನೆ ಬಿಟ್ಟು ಪರಿಹಾರ ಕೇಂದ್ರಕ್ಕೆ ಹೋಗಬೇಕಾಯ್ತು. 2022ರ ಮಳೆಗಾಲದಲ್ಲಿ ನಮ್ಮ ಸುವರ್ಣಾವತಿಯೇ ತುಂಬಿ ಹರಿದು ಯಳಂದೂರು ತಾಲ್ಲೂಕಿನ ಹೊಳೆದಂಡೆ ಗದ್ದೆಗಳೆಲ್ಲ ಕೆರೆಯಾದವು. ಅಂಥ ಹೊತ್ತಲ್ಲಿ ಸುತ್ತ ನೀರೇ ನೀರು, ಆದರೆ ಸಂಪಿಗೆ ಕೆಸರು ನೀರು ಇಳಿದಿರುತ್ತೆ, ಬೋರ್‌ವೆಲ್ ಬಾಯಿ ಮುಳುಗಿರುತ್ತೆ, ಕರೆಂಟು ತೆಗೆದಿರುತ್ತಾರೆ. ಪೈಪಿನಲ್ಲಿ ನೀರಿನ ಒತ್ತಡ ಇಲ್ಲದಾಗ ಒಡಕು ಇರೋ ಕಡೆ ಚರಂಡಿ ನೀರು ಒಳಗೆ ಎಳೆದುಕೊಳ್ಳುತ್ತೆ. ಎರಡು ದಿನ ಬಿಟ್ಟು ನಲ್ಲಿ ಬಂದಾಗ ಮೊದಲು ಬರೋದು ಆ ನೀರೇ.

ಕೆಟ್ಟ ನೀರು ಕುಡಿದರೆ ಏನಾಗುತ್ತೆ ಅನ್ನೋದಕ್ಕೆ ಬಹಳ ದೂರ ಹೋಗಬೇಕಿಲ್ಲ. 2023ರ ಆಗಸ್ಟ್‌ನಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ, 2024ರ ಮೇ ತಿಂಗಳಲ್ಲಿ ಮೈಸೂರು ಪಕ್ಕದ ಸಾಲುಂಡಿಯಲ್ಲಿ ಕಲುಷಿತ ನೀರಿನಿಂದ ವಾಂತಿಭೇದಿ ಹರಡಿ ಜನ ಸಾಲುಸಾಲಾಗಿ ಆಸ್ಪತ್ರೆ ಸೇರಿದರು, ಪ್ರಾಣವೂ ಹೋಯ್ತು. ಆ ಎರಡು ಕಡೆಯೂ ನಲ್ಲಿ ಇತ್ತು, ನೀರೂ ಬರುತ್ತಿತ್ತು. "ನಲ್ಲಿ ನೀರು ಮುಟ್ಟಬೇಡಿ" ಅಂತ ಡಂಗುರ ಹೊಡೆಸಿದ ದಿನ ನಿಮ್ಮ ಮನೆಯಲ್ಲಿ ಬೇರೆ ನೀರು ಇದೆಯಾ? ನಾನು ಕೇಳ್ತಿರೋದು ಅಷ್ಟೇ.

ಎಷ್ಟು ಬೇಕು?

ಒಬ್ಬರಿಗೆ ದಿನಕ್ಕೆ 4 ಲೀಟರ್, ಮೂರು ದಿನಕ್ಕೆ. ತುರ್ತು ಪರಿಸ್ಥಿತಿಗೆ ಕೆಲವು ದೇಶಗಳಲ್ಲಿ ಹೆಚ್ಚುಕಮ್ಮಿ ಇದೇ ಅಳತೆ ಹೇಳ್ತಾರೆ. ಕುಡಿಯೋಕೆ, ಅನ್ನ-ಮುದ್ದೆಗೆ, ಬಾಯಿ ತೊಳೆಯೋಕೆ ಇಷ್ಟು ಸಾಕು. ಸ್ನಾನ, ಬಟ್ಟೆ, ಪಾತ್ರೆ ಇದರಲ್ಲಿ ಸೇರಿಲ್ಲ. ಐದು ಜನ ಇದ್ದರೆ 5 × 4 × 3, ಅಂದರೆ 60 ಲೀಟರ್. ಬಸುರಿ-ಬಾಣಂತಿ ಇದ್ದರೆ, ಬೇಸಿಗೆಯಲ್ಲಿ ಹೊಲದ ಕೆಲಸ ನಿಲ್ಲಿಸೋಕೆ ಆಗದಿದ್ದರೆ, ಇನ್ನೊಂದು 10 ಲೀಟರ್ ಸೇರಿಸಿ.

ದನಕ್ಕೆ? ಒಂದು ಸೀಮೆಹಸು ಬೇಸಿಗೆಯಲ್ಲಿ ದಿನಕ್ಕೆ 50-60 ಲೀಟರ್ ಕುಡಿದುಬಿಡುತ್ತೆ. ಅದಕ್ಕೆ ಕ್ಯಾನಿನ ಲೆಕ್ಕ ಹಿಡಿಯಲ್ಲ, ತೊಟ್ಟಿಯೋ ಡ್ರಮ್ಮೋ ಬೇರೆ ಇರಬೇಕು. ಮನುಷ್ಯರ ನೀರನ್ನ ದನದ ನೀರಿನ ಜೊತೆ ಬೆರೆಸಿ ಲೆಕ್ಕ ಹಾಕಿದರೆ ಎರಡೂ ಕೆಡುತ್ತೆ.

ಅಡಕಲು ಅನ್ನೋ ಹಳೇ ಬುದ್ಧಿ

ನಮ್ಮ ಹಳೇ ತೊಟ್ಟಿಮನೆಗಳ ಮೂಲೆಯಲ್ಲಿ ಅಡಕಲು ಇರುತ್ತಿತ್ತು, ಕೆಲವರಿಗಾದರೂ ನೆನಪಿರಬಹುದು. ಕೆಳಗೆ ದೊಡ್ಡ ಗಡಿಗೆ, ಅದರ ಮೇಲೆ ಅದಕ್ಕಿಂತ ಚಿಕ್ಕದು, ಅದರ ಮೇಲೆ ಇನ್ನೂ ಚಿಕ್ಕದು. ಒಂದು ಮಡಕೆ ಕೂರೋ ಜಾಗದಲ್ಲಿ ನಾಲ್ಕು ಮಡಕೆ. ಕಾಳು, ಬೇಳೆ, ಹುಣಸೆಹಣ್ಣು, ಉಪ್ಪು ಅಲ್ಲಿ ಇರುತ್ತಿದ್ದವು. ಮೇಲಿನ ಮಡಕೆ ಕೆಳಗಿನದಕ್ಕೆ ಮುಚ್ಚಳ. ಈಗ ನಾನು ಹೇಳ್ತಿರೋದೂ ಅದೇ ಉಪಾಯ, ಮಡಕೆ ಬದಲು ಪ್ಲಾಸ್ಟಿಕ್ ಕ್ಯಾನು. ಒಂದೇ ವ್ಯತ್ಯಾಸ ನೆನಪಿಡಿ: ನೀರು ಕಾಳಿಗಿಂತ ಭಾರ. ಒಂದು ಲೀಟರಿಗೆ ಒಂದು ಕೆಜಿ.

ನನ್ನ ಸಲಹೆ 10 ಲೀಟರಿನ ಚೌಕದ ಜೆರಿಕ್ಯಾನು, ಆರು. ಅಂಗಡಿಯವರು 20 ಲೀಟರಿಂದು ಮೂರು ತಗೊಳ್ಳಿ, ಅಗ್ಗ ಬೀಳುತ್ತೆ ಅಂತಾರೆ. ಬೇಡ. 20 ಕೆಜಿ ಕ್ಯಾನನ್ನ ನೀವು ಎತ್ತುತ್ತೀರಿ, ನಿಮ್ಮ ಅವ್ವ ಎತ್ತೋಕೆ ಆಗಲ್ಲ. ಕಷ್ಟ ಬಂದಾಗ ಮನೆಯಲ್ಲಿ ನೀವೇ ಇರ್ತೀರಿ ಅಂತ ಏನು ಗ್ಯಾರಂಟಿ? 10 ಲೀಟರಿಂದು ಆದರೆ ಟಿವಿಎಸ್ ಎಕ್ಸ್‌ಎಲ್ ಮುಂದೆ ಎರಡು ಇಟ್ಟುಕೊಂಡು ಕಾಳಜಿ ಕೇಂದ್ರಕ್ಕೂ ಹೋಗಬಹುದು. ಒಂದರಲ್ಲಿ ನೀರು ಕೆಟ್ಟರೆ ಹೋಗೋದು ಹತ್ತೇ ಲೀಟರ್.

ಅಂಗಡಿಯಲ್ಲಿ ಕ್ಯಾನು ತಿರುಗಿಸಿ ತಳ ನೋಡಿ. ತ್ರಿಕೋನದ ಬಾಣದೊಳಗೆ 2 ಅಂತ ಇದ್ದರೆ ಎಚ್‌ಡಿಪಿಇ ಪ್ಲಾಸ್ಟಿಕ್ ಅಂತ ಅರ್ಥ, ನೀರಿಗೆ ಒಳ್ಳೇದು. ಅದರ ಜೊತೆ ಲೋಟ ಮತ್ತು ಮುಳ್ಳುಚಮಚದ ಗುರುತೋ, 'ಫುಡ್ ಗ್ರೇಡ್' ಅಂತಲೋ ಇರಬೇಕು. ಬರೀ 2 ನೋಡಿ ತರಬೇಡಿ, ಯಾಕಂದರೆ ಆಸಿಡ್ ಕ್ಯಾನೂ ಅದೇ ಪ್ಲಾಸ್ಟಿಕ್‌ನಲ್ಲಿ ಬರುತ್ತೆ. ಆಹಾರ, ಕುಡಿಯೋ ನೀರಿಗೆ ತಾಗೋ ಪಾಲಿಥೀನ್‌ಗೆ ಐಎಸ್ 10146 ಅನ್ನೋ ಭಾರತೀಯ ಮಾನಕ ಇದೆ, ಅದರ ಹೆಸರು ಹೇಳಿ ಕೇಳಿದರೆ ಅಂಗಡಿಯವರೂ ಸ್ವಲ್ಪ ಹುಷಾರಾಗ್ತಾರೆ. ಆಮೇಲೆ ಆಕಾರ ನೋಡಿ. ತಲೆ ಮೇಲೆ ತಗ್ಗು, ತಳದಲ್ಲಿ ಅದಕ್ಕೆ ಕೂರೋ ಹಾಗೆ ಉಬ್ಬು ಇರಬೇಕು, ಮುಚ್ಚಳ ಹಿಡಿಗಿಂತ ಕೆಳಗೆ ಕೂತಿರಬೇಕು. ಒಂದರ ಮೇಲೊಂದು ಇಟ್ಟಾಗ ಭಾರ ಮುಚ್ಚಳದ ಮೇಲೆ ಬಿದ್ದರೆ ಅದು ಅಡಕಲಿಗೆ ಬಾರದ ಕ್ಯಾನು. ಅಂಗಡಿಯಲ್ಲೇ ಎರಡು ಇಟ್ಟು ಅಲ್ಲಾಡಿಸಿ ನೋಡಿ, ಸಂಕೋಚ ಬೇಡ. ನಾನು ಕೊಳ್ಳೇಗಾಲದಲ್ಲಿ ತಂದಾಗ ಒಂದಕ್ಕೆ ಇನ್ನೂರು ರೂಪಾಯಿ ಆಸುಪಾಸು ಬಿತ್ತು.

ಘಟಕಕ್ಕೆ ಒಯ್ಯೋ 20 ಲೀಟರಿನ ದುಂಡು ಕ್ಯಾನು ಇದೆಯಲ್ಲ, ಅದನ್ನ ಒಂದರ ಮೇಲೊಂದು ನಿಲ್ಲಿಸೋಕೆ ಮಾಡಿಲ್ಲ. ಕತ್ತಿನ ಮೇಲೆ ಭಾರ ಬಿದ್ದು ಬಿರುಕು ಬಿಡುತ್ತೆ. ಅವೇ ಇದ್ದರೆ ಕಬ್ಬಿಣದ ಸ್ಟ್ಯಾಂಡು ಮಾಡಿಸಿ. ಅಡುಗೆ ಎಣ್ಣೆ ಕ್ಯಾನು ಎಷ್ಟು ತೊಳೆದರೂ ಜಿಡ್ಡು ಪೂರಾ ಹೋಗಲ್ಲ, ಒಂದು ತಿಂಗಳಲ್ಲಿ ನೀರು ಕಮಟು ವಾಸನೆ ಬರುತ್ತೆ. ದುಡ್ಡಿಗೆ ಕಷ್ಟ ಅಂದರೆ ಎರಡು ಲೀಟರಿನ ತಂಪು ಪಾನೀಯದ ಬಾಟಲಿ ಚೆನ್ನಾಗಿ ತೊಳೆದು ತುಂಬಿಸಿ. ಮೂವತ್ತು ಬಾಟಲಿ ಆದರೆ 60 ಲೀಟರ್, ಹಾಲಿನ ಕ್ರೇಟಿನಲ್ಲಿ ನಿಲ್ಲಿಸಿದರೆ ಕ್ರೇಟಿನ ಮೇಲೆ ಕ್ರೇಟು ಕೂರುತ್ತೆ. ಮದುವೆ ಮನೆ ಮುಗಿದ ಮಾರನೇ ದಿನ ಹೋದರೆ ಬಾಟಲಿ ಬಿಟ್ಟಿ.

ಔಷಧಿ ಕ್ಯಾನು: ಇದೊಂದನ್ನ ಕೋಪದಲ್ಲೇ ಬರೀತೀನಿ

ಕಳೆ ಔಷಧಿ, ಹುಳದ ಔಷಧಿ ಬರೋ 5 ಲೀಟರಿನ ಬಿಳಿ ಕ್ಯಾನು ನೋಡೋಕೆ ಗಟ್ಟಿ, ಚೌಕ, ಒಂದರ ಮೇಲೊಂದು ಅಚ್ಚುಕಟ್ಟಾಗಿ ಕೂರುತ್ತೆ. ಹೊಲಕ್ಕೆ ಅದರಲ್ಲೇ ನೀರು ಒಯ್ಯೋರು ಇವತ್ತಿಗೂ ಇದ್ದಾರೆ. ಪಂಪ್‌ಸೆಟ್ ಮನೆಯಲ್ಲಿ ಒಬ್ಬ ಅಣ್ಣ ನನಗೆ ಅದರಿಂದಲೇ ನೀರು ಬಗ್ಗಿಸೋಕೆ ಬಂದರು. ಬೇಡ ಅಂದದ್ದಕ್ಕೆ, "ಸೋಪಾಕಿ ನಾಕ್ ಸಲ ತೊಳ್ದಿವ್ನಿ ಕನಪ್ಪ, ಏನೂ ಆಗಲ್ಲ" ಅಂದರು.

ಆಗುತ್ತೆ. ಪ್ಲಾಸ್ಟಿಕ್ಕು ಔಷಧಿಯನ್ನ ಹೀರಿಕೊಂಡಿರುತ್ತೆ. ಸೋಪು ತೊಳೆಯೋದು ಮೇಲ್ಮೈಯನ್ನ ಮಾತ್ರ. ಒಳಗೆ ಇಳಿದದ್ದು ಬಿಸಿಲಿಗೆ ಕಾದಾಗ ಸ್ವಲ್ಪ ಸ್ವಲ್ಪ ನೀರಿಗೆ ಬಿಡುತ್ತೆ, ಬಣ್ಣವೂ ಕಾಣಲ್ಲ, ಎಷ್ಟೋ ಸಲ ವಾಸನೆಯೂ ಇರಲ್ಲ. ಔಷಧಿ ಲೇಬಲ್ಲಿನ ಮೇಲೆ ಕೆಂಪು, ಹಳದಿ, ನೀಲಿ, ಹಸಿರು ತ್ರಿಕೋನ ಇರುತ್ತಲ್ಲ, ಅದು ವಿಷದ ದರ್ಜೆ. ಕೆಂಪು ಎಲ್ಲಕ್ಕಿಂತ ಜೋರು. ಹಸಿರು ಇದ್ದರೂ ಆ ಕ್ಯಾನು ನೀರಿಗೆ ಬರಲ್ಲ. ಔಷಧಿ ಮುಗಿದ ಮೇಲೆ ಮೂರು ಸಲ ನೀರು ಹಾಕಿ ಕುಲುಕಿ, ಆ ನೀರನ್ನ ಸ್ಪ್ರೇ ಟ್ಯಾಂಕಿಗೇ ಸುರಿದು, ಕ್ಯಾನಿಗೆ ತೂತು ಹೊಡೆದುಬಿಡಿ. ತೂತು ಇದ್ದರೆ ಯಾರೂ ಎತ್ತಿಕೊಂಡು ಹೋಗಲ್ಲ.

ಸೆಕೆಂಡ್ ಹ್ಯಾಂಡ್ ನೀಲಿ ಡ್ರಮ್ಮೂ ಅಷ್ಟೇ. ಕಾರ್ಖಾನೆಯಿಂದ ಯಾವ ಕೆಮಿಕಲ್ ತುಂಬಿಕೊಂಡು ಬಂದಿತ್ತೋ ಮಾರೋನಿಗೇ ಗೊತ್ತಿರಲ್ಲ. ನೀರಿಗಂತೂ ಬೇಡವೇ ಬೇಡ. ಜೀವಾಮೃತಕ್ಕೂ ವಾಸನೆ ನೋಡಿ, ಹಿಂದೆ ಏನಿತ್ತು ಅಂತ ಕೇಳಿ ತಗೊಳ್ಳಿ.

ತುಂಬಿಸೋದು

ಹೊಸ ಕ್ಯಾನನ್ನ ಮೊದಲು ಸೋಪು ನೀರಿನಲ್ಲಿ ತೊಳೆದು ಚೆನ್ನಾಗಿ ಜಾಲಿಸಿ. ಆಮೇಲೆ ಒಂದು ಲೀಟರ್ ನೀರಿಗೆ ಒಂದು ಟೀ ಚಮಚ ಬ್ಲೀಚ್ ದ್ರಾವಣ ಹಾಕಿ, ಅದನ್ನ ಕ್ಯಾನಿಗೆ ಸುರಿದು, ಒಳಗಿನ ಮೂಲೆಮೂಲೆಗೂ ತಾಗೋ ಹಾಗೆ ಅರ್ಧ ನಿಮಿಷ ಕುಲುಕಿ ಚೆಲ್ಲಿ. ಮತ್ತೆ ಒಳ್ಳೇ ನೀರಲ್ಲಿ ಜಾಲಿಸಿ. ಬ್ಲೀಚ್ ಅಂದರೆ ಬರೀ ಸೋಡಿಯಂ ಹೈಪೋಕ್ಲೋರೈಟ್ ದ್ರಾವಣ. ಕಕ್ಕಸು ತೊಳೆಯೋ ಬಣ್ಣದ, ಪರಿಮಳದ ದ್ರಾವಣ ಹತ್ತಿರಕ್ಕೂ ತರಬೇಡಿ.

ಈಗ ಯಾವ ನೀರು? ಇಲ್ಲಿ ಒಂದು ವಿಷಯ ನಮ್ಮ ಹುಡುಗರಿಗೆ ಹೇಳಿದರೆ ನಂಬಲ್ಲ. ದಿನಾ ಕುಡಿಯೋಕೆ ಆರ್‌ಒ ಘಟಕದ ನೀರು ಸರಿ, ಆದರೆ ತಿಂಗಳುಗಟ್ಟಲೆ ಮಡಗೋಕೆ ಅದು ಹಾಗೇ ಒಳ್ಳೇದಲ್ಲ. ಆರ್‌ಒ ನೀರಲ್ಲಿ ಕ್ಲೋರಿನ್ ಉಳಿದಿರಲ್ಲ. ಕ್ಯಾನಿನ ಬಾಯಿಗೆ ನಿಮ್ಮ ಬೆರಳು ತಾಗಿ ನಾಲ್ಕು ಸೂಕ್ಷ್ಮಾಣು ಒಳಗೆ ಬಿದ್ದರೆ ಅವನ್ನ ತಡೆಯೋಕೆ ಅಲ್ಲಿ ಯಾರೂ ಇಲ್ಲ. ನೀರುಗಂಟಿ ಸರಿಯಾಗಿ ಕ್ಲೋರಿನ್ ಹಾಕಿದ ನಲ್ಲಿ ನೀರಾದರೆ ಆ ಕಾವಲು ಇರುತ್ತೆ. ಹಾಗಂತ ಎಲ್ಲ ಕಡೆ ನಲ್ಲಿ ನೀರೇ ತುಂಬಿಸಿ ಅಂತಲ್ಲ. ನಮ್ಮ ಜಿಲ್ಲೆಯ ಕೆಲವು ಕಡೆ ಬೋರ್‌ವೆಲ್ ನೀರಲ್ಲಿ ಫ್ಲೋರೈಡ್ ಇದೆ. ಕುಡಿಯೋ ನೀರಿನ ಮಾನಕದ ಪ್ರಕಾರ ಅದು ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ದಾರಿಯೇ ಇಲ್ಲದಿದ್ದರೆ 1.5ರವರೆಗೆ. ಕುದಿಸಿದರೆ ಫ್ಲೋರೈಡ್ ಹೋಗಲ್ಲ, ನೀರು ಆವಿಯಾದಷ್ಟೂ ಅದು ಹೆಚ್ಚಾಗುತ್ತೆ. ಕ್ಲೋರಿನ್ನಿಗೂ ಅದು ಬಗ್ಗಲ್ಲ. ಅಂಥ ಊರಲ್ಲಿ ಆರ್‌ಒ ನೀರನ್ನೇ ತುಂಬಿಸಿ, ಕ್ಲೋರಿನ್ ಮಾತ್ರೆ ಹಾಕಿ ಮಡಗಿ.

ಮಾತ್ರೆ ಮೆಡಿಕಲ್ ಸ್ಟೋರಿನಲ್ಲಿ ಸಿಗುತ್ತೆ, ಮಳೆಗಾಲದಲ್ಲಿ ಆಶಾ ಅಕ್ಕನ ಹತ್ತಿರವೂ ಕೇಳಿ ನೋಡಿ. ಮಾತ್ರೆಯ ಸೈಜು ಬೇರೆ ಬೇರೆ ಇರುತ್ತೆ, ಕೆಲವು ಒಂದು ಬಿಂದಿಗೆಗೆ, ಕೆಲವು ಒಂದು ಡ್ರಮ್ಮಿಗೆ. ಆದ್ದರಿಂದ ಪಟ್ಟಿ ಮೇಲೆ 'ಇಷ್ಟು ಲೀಟರಿಗೆ ಒಂದು' ಅಂತ ಇರೋದನ್ನ ಓದಿಯೇ ಹಾಕಬೇಕು, ಪಕ್ಕದ ಮನೆಯವರು ಹೇಳಿದ್ದು ಕೇಳಿ ಹಾಕೋದಲ್ಲ. ಮಾತ್ರೆ ಸಿಗದೆ 5 ಪರ್ಸೆಂಟಿನ ಹೈಪೋಕ್ಲೋರೈಟ್ ದ್ರಾವಣ ಇದ್ದರೆ ತಿಳಿ ನೀರಿಗೆ ಲೀಟರಿಗೆ 2 ಹನಿ, ಅಂದರೆ 10 ಲೀಟರಿನ ಕ್ಯಾನಿಗೆ 20 ಹನಿ. ಯಾವುದು ಹಾಕಿದರೂ ಅರ್ಧ ಗಂಟೆ ಬಿಟ್ಟೇ ಕುಡಿಯಬೇಕು. ಕದಡಿದ ನೀರಿಗೆ ಕ್ಲೋರಿನ್ ಸರಿಯಾಗಿ ಕೆಲಸ ಮಾಡಲ್ಲ, ಮೊದಲು ತಿಳಿ ಬಿಟ್ಟು, ನಾಲ್ಕು ಪದರದ ಬಟ್ಟೆಯಲ್ಲಿ ಸೋಸಿಕೊಳ್ಳಿ.

ಕುದಿಸಿದ ನೀರು ತುಂಬಿಸೋರು ಪೂರ್ತಿ ಆರಿಸಿ ತುಂಬಿಸಿ, ಬಿಸಿ ನೀರು ಕ್ಯಾನಿಗೆ ಬೇಡ. ತಾಮ್ರದ ಬಿಂದಿಗೆ ಬಗ್ಗೆ ತುಂಬ ಜನ ಕೇಳ್ತಾರೆ. ರಾತ್ರಿ ತುಂಬಿಸಿ ಬೆಳಿಗ್ಗೆ ಕುಡಿಯೋಕೆ ಅದು ಒಳ್ಳೇದೇ, ತಿಂಗಳು ಮಡಗೋ ಪಾತ್ರೆ ಅದಲ್ಲ.

ಕ್ಯಾನನ್ನ ಕತ್ತಿನವರೆಗೆ ತುಂಬಿಸಿ. ಅರ್ಧ ತುಂಬಿದ ಕ್ಯಾನು ಮೇಲಿನ ಭಾರಕ್ಕೆ ಸೊಟ್ಟಗಾಗುತ್ತೆ, ತುಂಬಿದ್ದು ಗಟ್ಟಿಯಾಗಿ ನಿಲ್ಲುತ್ತೆ. ಮುಚ್ಚಳ ಬಿಗಿದು, ಒಂದು ಗಂಟೆ ಪೇಪರಿನ ಮೇಲೆ ಅಡ್ಡ ಮಲಗಿಸಿ. ಪೇಪರು ನೆನೆದರೆ ವಾಷರ್ ಬದಲಿಸಿ.

ಎಲ್ಲಿ, ಹೇಗೆ ಜೋಡಿಸೋದು

ಬಿಸಿಲು ಬೀಳದ ಒಳಮನೆ ಮೂಲೆ. ಬೆಳಕು ತಾಗಿದರೆ ಬಿಳಿ ಕ್ಯಾನಿನಲ್ಲಿ ಪಾಚಿ ಕಟ್ಟುತ್ತೆ, ಪ್ಲಾಸ್ಟಿಕ್ಕೂ ಬೇಗ ಬಿರುಸಾಗುತ್ತೆ. ಮೇಲೆ ಹಳೇ ಗೋಣಿಚೀಲವೋ ಕಂಬಳಿಯೋ ಹೊದಿಸಿದರೂ ಸಾಕು. ನೆಲ ಮಟ್ಟವಾಗಿರಬೇಕು, ಕೆಳಗೆ ಒಂದು ಹಲಗೆ ಹಾಕಿ. 10 ಲೀಟರಿಂದು ಮೂರು ಅಂತಸ್ತು, ಅಷ್ಟೇ. ಮೂರರ ಒಂದು ಅಡಕಲು 30 ಕೆಜಿ ತೂಗುತ್ತೆ, ಎತ್ತರ ಸೊಂಟ ದಾಟಲ್ಲ. 20 ಲೀಟರಿನ ಜೆರಿಕ್ಯಾನು ಇದ್ದರೆ ಎರಡಕ್ಕೇ ನಿಲ್ಲಿಸಿ. ನಾಲ್ಕನೇದು ಇಡೋಕೆ ಕೈ ತುಡಿಯುತ್ತೆ, ಜಾಗ ಇದೆಯಲ್ಲ ಅನ್ನಿಸುತ್ತೆ. ಮಗು ಹಿಡಿದು ಜಗ್ಗಿದರೆ ತಲೆ ಮೇಲೆ ಬೀಳೋದು ಹತ್ತು ಕೆಜಿ. ಎರಡು ಗೋಡೆ ಸೇರೋ ಮೂಲೆಗೆ ಒತ್ತಿ ಇಟ್ಟು, ಒಂದು ಸುತ್ತು ಹಗ್ಗ ಕಟ್ಟಿದರೆ ಅಲ್ಲಾಡಲ್ಲ.

ಹೊಳೆದಂಡೆ ಊರಿನವರು ನೆಲದಲ್ಲಿ ಇಡಬೇಡಿ. ಕಲ್ಲಿನ ಕಟ್ಟೆಯ ಮೇಲೋ, ಗಟ್ಟಿಯಾದ ಮಂಚದ ಮೇಲೋ ಇಡಿ. ಅಟ್ಟಕ್ಕೆ ಏರಿಸೋದಾದರೆ ಒಂದರ ಮೇಲೊಂದು ಬೇಡ, ಹಲಗೆ ಉದ್ದಕ್ಕೂ ಹರಡಿ ಇಡಿ. 60 ಕೆಜಿ ಒಂದೇ ಕಡೆ ಬಿದ್ದರೆ ಹಳೇ ತೊಲೆ ತಡೆಯುತ್ತೋ ಇಲ್ಲವೋ.

ಪಂಪ್‌ಸೆಟ್ ಮನೆ ಮಾತ್ರ ಬೇಡ. ಅಲ್ಲೇ ಡೀಸೆಲ್, ಅಲ್ಲೇ ಗೊಬ್ಬರ, ಅಲ್ಲೇ ಔಷಧಿ. ಪೆಟ್ರೋಲು, ಔಷಧಿಗಳ ಆವಿ ಮುಚ್ಚಿದ ಪ್ಲಾಸ್ಟಿಕ್ ಕ್ಯಾನಿನ ಗೋಡೆ ದಾಟಿ ನಿಧಾನಕ್ಕೆ ಒಳಗೆ ಸೇರುತ್ತೆ.

ಅಮಾವಾಸ್ಯೆಗೆ ಎರಡು ಕ್ಯಾನು

ಮಡಗೋದು ಸುಲಭ, ಬದಲಿಸೋದೇ ಮರೆತುಹೋಗೋದು. ಮನೆಯಲ್ಲಿ ತುಂಬಿಸಿದ ನೀರನ್ನ ಆರು ತಿಂಗಳಿಗಿಂತ ಹೆಚ್ಚು ಇಡಬಾರದು ಅನ್ನೋದು ತಜ್ಞರ ಮಾತು. ನಮ್ಮ ಸೆಕೆಗೆ ನಾನು ಮೂರು ತಿಂಗಳು ಸಾಕು ಅಂತೀನಿ.

ನಮ್ಮ ಕಡೆ ಅಮಾವಾಸ್ಯೆ ಮರೆಯೋರು ಯಾರೂ ಇಲ್ಲ. ಮಾದಪ್ಪನ ಬೆಟ್ಟದ ಬಸ್ಸು ತುಂಬೋ ದಿನ ಅದು. ಮನೆ ತೊಳೆಯೋ ದಿನವೂ ಹೌದು. ಆವತ್ತು ಒಂದೊಂದು ಅಡಕಲಿನ ತಳದ ಕ್ಯಾನನ್ನ ಆಚೆ ತೆಗೆಯಿರಿ. ಮೇಲಿನ ಎರಡನ್ನ ಕೆಳಗಿಳಿಸಿ, ತೆಗೆದದ್ದನ್ನ ಖಾಲಿ ಮಾಡಿ, ತೊಳೆದು, ಹೊಸ ನೀರು ತುಂಬಿಸಿ ಮೇಲೆ ಇಡಿ. ಹೀಗೆ ಮಾಡ್ತಾ ಹೋದರೆ ಹಳೇ ನೀರು ಯಾವಾಗಲೂ ತಳದಲ್ಲೇ ಇರುತ್ತೆ, ಮೂರು ಅಮಾವಾಸ್ಯೆಗೆ ಆರೂ ಕ್ಯಾನು ಒಂದು ಸುತ್ತು ಬರುತ್ತೆ. ತೆಗೆದ 20 ಲೀಟರ್ ದನಕ್ಕೋ ತೆಂಗಿನ ಸಸಿಗೋ ಆಯ್ತು, ಹನಿಯೂ ದಂಡ ಇಲ್ಲ.

ಪ್ರತಿ ಕ್ಯಾನಿಗೆ ಒಂದು ಬಿಳಿ ಟೇಪು ಅಂಟಿಸಿ, 1ರಿಂದ 6 ನಂಬರು, ತುಂಬಿಸಿದ ತಾರೀಕು ಬರೆಯಿರಿ. 'ಕುಡಿಯುವ ನೀರು' ಅಂತ ದೊಡ್ಡದಾಗಿ ಬರೆಯೋದು ಮರೀಬೇಡಿ, ಯಾರೋ ಅದರಲ್ಲಿ ಔಷಧಿ ಕಲಸಿಬಿಟ್ಟರೆ ಕಷ್ಟ. ಮೊಬೈಲಲ್ಲಿ ಒಂದು ಫೋಟೋ ತೆಗೆದು ಮನೆ ಗ್ರೂಪಿಗೆ ಹಾಕಿ. ಕ್ಯಾಲೆಂಡರಿನಲ್ಲಿ ಅಮಾವಾಸ್ಯೆಗಳಿಗೆ ವರ್ಷಕ್ಕಾಗೋಷ್ಟು ರಿಮೈಂಡರ್ ಇಟ್ಟುಬಿಟ್ಟರೆ ಐದು ನಿಮಿಷದ ಕೆಲಸ.

ಅದೇ ಫೋನಿನಲ್ಲಿ ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರದ 'ಸಚೇತ್' ಆ್ಯಪ್ ಹಾಕಿಕೊಳ್ಳಿ, ಮಳೆ-ನೆರೆ ಎಚ್ಚರಿಕೆ ಬರುತ್ತೆ. ಕೆಆರ್‌ಎಸ್ ಮಟ್ಟ ನೋಡೋ ಚಟ ನಮಗೆಲ್ಲ ಇದ್ದೇ ಇದೆ, 124.80 ಅಡಿ ಅಂದರೆ ಭರ್ತಿ. ಭತ್ತಕ್ಕೆ ನೀರು ಬಂತು ಅಂತ ಖುಷಿಪಡೋ ಹೊತ್ತಲ್ಲೇ ಕಾವೇರಿ ದಂಡೆಯವರು ಕ್ಯಾನು ಆರೂ ತುಂಬಿದೆಯಾ ಅಂತ ಒಂದು ಸಲ ನೋಡಿಕೊಳ್ಳಿ.

ಬಳಸೋವಾಗ

ಕಷ್ಟ ಬಂದಾಗ ಮೇಲಿನ ಕ್ಯಾನಿಂದಲೇ ಶುರು ಮಾಡಿ, ನಂಬರು ಹುಡುಕಿಕೊಂಡು ಕೂರಬೇಡಿ. ಒಂದು ಮುಗಿದ ಮೇಲೇ ಇನ್ನೊಂದರ ಮುಚ್ಚಳ ತೆಗೆಯಿರಿ. ಲೋಟ ಅದ್ದೋದು ಬೇಡ, ಬಗ್ಗಿಸಿಕೊಳ್ಳಿ. ಒಂದು ಕ್ಯಾನಿಗೆ ಪುಟ್ಟ ನಲ್ಲಿ ಹಾಕಿಸಿಕೊಂಡರೆ ಮಕ್ಕಳಿಗೂ ಸಲೀಸು, ಆದರೆ ಆ ಕ್ಯಾನನ್ನ ಅಡಕಲಿಗೆ ಸೇರಿಸದೆ ಬೇರೆ ಇಡಿ.

ಕ್ಲೋರಿನ್ ವಾಸನೆ ಬಂದರೆ ನಮ್ಮವ್ವನ ಹಾಗೆ "ಆಸ್ಪತ್ರೆ ನೀರು" ಅಂತ ಮುಖ ಕಿವುಚೋರು ಎಲ್ಲ ಮನೆಯಲ್ಲೂ ಇರ್ತಾರೆ. ಬೇಕಾದಷ್ಟು ನೀರನ್ನ ಒಂದು ಪಾತ್ರೆಗೆ ಬಗ್ಗಿಸಿ, ತೆಳು ಬಟ್ಟೆ ಮುಚ್ಚಿ ಅರ್ಧ ಗಂಟೆ ಬಿಡಿ. ಕಾಫಿ ಆರಿಸೋ ಹಾಗೆ ಎರಡು ಚೊಂಬಲ್ಲಿ ಮೇಲೆ ಕೆಳಗೆ ಹುಯ್ದರೆ ಸಪ್ಪೆ ರುಚಿಯೂ ಹೋಗುತ್ತೆ.

ಮೇಲಿನ ಕ್ಯಾನಿನ ಹಿಡಿಗೆ ನಾಲ್ಕು ಓಆರ್‌ಎಸ್ ಪೊಟ್ಟಣ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡಿ. ದೊಡ್ಡ ಪೊಟ್ಟಣ ಒಂದಕ್ಕೆ ಒಂದು ಲೀಟರ್ ನೀರು, ಕಲಸಿದ ಮೇಲೆ 24 ಗಂಟೆ ಒಳಗೆ ಮುಗಿಸಬೇಕು. ವಾಂತಿಭೇದಿ ಶುರುವಾದ ರಾತ್ರಿ ಒಳ್ಳೇ ನೀರೂ ಪೊಟ್ಟಣವೂ ಒಂದೇ ಕಡೆ ಸಿಕ್ಕರೆ ಬೆಳಗಿನವರೆಗೆ ಮಗುವನ್ನ ಕಾಪಾಡಿಕೊಂಡು ಆಸ್ಪತ್ರೆ ಮುಟ್ಟಿಸಬಹುದು. ಮಗು ಕುಡಿದದ್ದೆಲ್ಲ ಕಕ್ಕುತ್ತಿದ್ದರೆ, ಮಂಕಾಗಿ ಕಣ್ಣು ಒಳಗೆ ಹೋಗಿದ್ದರೆ ಬೆಳಗಿನವರೆಗೂ ಕಾಯಬೇಡಿ, ಆಗಲೇ ಹೊರಡಿ.

ನೀರು ಕೂಡಿಡೋ ಮನೆಯಲ್ಲಿ ಸೊಳ್ಳೆ ಹುಷಾರು. ಡೆಂಗಿ ತರೋ ಈಡಿಸ್ ಸೊಳ್ಳೆ ಮೊಟ್ಟೆ ಇಡೋದು ತೆರೆದಿಟ್ಟ ತಿಳಿ ನೀರಲ್ಲೇ. ಮೊಟ್ಟೆಯಿಂದ ಹಾರೋ ಸೊಳ್ಳೆ ಆಗೋಕೆ ಒಂದು ವಾರ, ಹತ್ತು ದಿನ ಸಾಕು. ಬಿಗಿ ಮುಚ್ಚಳದ ಕ್ಯಾನಿನಲ್ಲಿ ಆ ಭಯ ಇಲ್ಲ. ಬಚ್ಚಲ ತೊಟ್ಟಿ, ದನದ ಡ್ರಮ್ಮಿನಲ್ಲಿ ಇದೆ. ವಾರಕ್ಕೊಮ್ಮೆ ಅವನ್ನ ಪೂರ್ತಿ ಖಾಲಿ ಮಾಡಿ ಗೋಡೆ ಉಜ್ಜಿ.

ನೆರೆ ಇಳಿದ ಮೇಲೆ, ನಲ್ಲಿ ಮತ್ತೆ ಬಂದ ದಿನ, ಕ್ಯಾನಿನ ನೀರು ಉಳಿದಿದ್ದರೆ ಅದನ್ನೇ ಕುಡೀತಾ ಇರಿ. ಮೊದಲು ಬರೋ ನೀರನ್ನ ಬಿಟ್ಟುಬಿಡಿ. ನಿಮ್ಮ ಬೀದಿ ನೀರು ಕುಡಿಯೋಕೆ ಆಗುತ್ತಾ ಅಂತ ಪಂಚಾಯಿತಿಗೆ ಕೇಳಿ ಪರೀಕ್ಷೆ ಮಾಡಿಸಬಹುದು. ಜಲ ಜೀವನ್ ಮಿಷನ್ ಅಡಿ ಪ್ರತಿ ಊರಿನಲ್ಲಿ ಐವರು ಹೆಂಗಸರಿಗೆ ಕಿಟ್ ಬಳಸಿ ನೀರು ಪರೀಕ್ಷೆ ಮಾಡೋ ತರಬೇತಿ ಕೊಡಬೇಕು ಅಂತ ನಿಯಮ ಇದೆ. ನಿಮ್ಮೂರಲ್ಲಿ ಆ ಐವರು ಯಾರು ಅಂತ ಪಿಡಿಒ ಹತ್ತಿರ ಈಗಲೇ ಕೇಳಿ ಅವರ ನಂಬರು ಉಳಿಸಿಕೊಂಡಿರಿ. ಕಿಟ್ಟಿನ ಸಣ್ಣ ಶೀಶೆಗೆ ನೀರು ಹಾಕಿ ಒಂದೆರಡು ದಿನ ಬಿಟ್ಟಾಗ ಅದು ಕಪ್ಪಾದರೆ ನೀರಲ್ಲಿ ಕೊಳೆ ಸೇರಿದೆ ಅಂತ ಅರ್ಥ. ಆಗ ಪಂಚಾಯಿತಿಯವರು ಟ್ಯಾಂಕು ತೊಳೆಸಿ ಕ್ಲೋರಿನ್ ಹಾಕಿ ಮತ್ತೆ ಪರೀಕ್ಷೆ ಮಾಡೋವರೆಗೆ ಕ್ಯಾನಿನ ನೀರು, ಅದು ಮುಗಿದರೆ ಗುಳುಗುಳು ಕುದಿಸಿ ಆರಿಸಿದ ನೀರು.